ಮಣ್ಣಿನ ಮುಖಕ್ಕೊಂದು ಬೆನ್ನು

ಅಕ್ಕನ ಮಗಳು ಪುಣೆಗೆ ಓದಲು ಬಂದು ಎರಡು ವರ್ಷವಾಯಿತು. ನಮ್ಮ ಮನೆಯಲ್ಲೇ ಇದ್ದಾಳೆ. ವಾರವೆಲ್ಲ ಕಾಲೇಜು, ಭಾನುವಾರ ಬೆಳಿಗ್ಗೆ ಮಣ್ಣಿನ ತರಗತಿ. ಕಳೆದ ಮಳೆಗಾಲದಲ್ಲಿ ಮೊದಲ ಸಲ ಒಂದು ತಲೆ ಮಾಡಲು ಕೂತಳು. ಯಾರದು ಎಂದು ಹೆಚ್ಚು ಯೋಚಿಸಲಿಲ್ಲ: ಬಾಗಲಕೋಟೆಯಲ್ಲಿರುವ ಅಜ್ಜಿಯದು, ಎಂದರೆ ನನ್ನ ಅವ್ವನದು. ಬಾಲ್ಕನಿಯ ಸ್ಟೂಲಿನ ಮೇಲೆ ಹಲಗೆ, ಹಲಗೆಯ ಮೇಲೆ ಒದ್ದೆ ಬಟ್ಟೆ ಹೊದ್ದ ತಲೆ. ಹೀಗೆ ಮೂರು ವಾರ. ಜೋತುಬಿದ್ದ ಕಿವಿಯ ತೂತು, ಗಲ್ಲದ ಸುಕ್ಕು, ಒಂದು ಕಣ್ಣು ಇನ್ನೊಂದಕ್ಕಿಂತ ತುಸು ಕಿರಿದಾಗಿರುವುದು, ಎಲ್ಲ ಬಂತು. ನೋಡಿದೊಡನೆ ನನಗೆ ಗಂಟಲು ಕಟ್ಟಿತು. ಅವಳು ಫೋಟೊ ತೆಗೆದು ಗೆಳತಿಯರ ಗುಂಪಿಗೆ ಹಾಕಿದಳು. ಮಲಗುವ ಹೊತ್ತಿಗೆ ಮೊಬೈಲಿನ ತುಂಬ ಕೆಂಪು ಹೃದಯಗಳ ಸಾಲು.

ಮುಂದಿನ ಭಾನುವಾರ ಗೆಳತಿಯೊಬ್ಬಳು ಮನೆಗೆ ಬಂದಳು. ಮರಾಠಿ ಹುಡುಗಿ, ಓದುತ್ತಿರುವುದು ವಾಣಿಜ್ಯಶಾಸ್ತ್ರ, ಶಿಲ್ಪದ ಗಂಧಗಾಳಿಯೂ ಇಲ್ಲ. ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಸ್ಟೂಲಿನ ಸುತ್ತ ಒಂದು ಸುತ್ತು ಬಂದಳು. ಹಿಂದೆ ನಿಂತವಳು ಕೇಳಿದಳು: "ನಿಮ್ಮ ಆಜಿ ಅಂಬಾಡಾ ಕಟ್ಟೋದಿಲ್ವಾ?" ಅಂಬಾಡಾ ಎಂದರೆ ತುರುಬು. ನಾನೂ ಆಗಲೇ ಹಿಂದಕ್ಕೆ ಹೋಗಿ ನೋಡಿದ್ದು. ಮುಂದೆ ಅವ್ವ ಇದ್ದಳು. ಹಿಂದೆ ಅಂಗೈಯಿಂದ ತಟ್ಟಿ ಸಪಾಟು ಮಾಡಿದ ಮಣ್ಣಿನ ಗೋಡೆ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತೇವೆ. ಹೊಸದಾಗಿ ಏನನ್ನಾದರೂ ಮಾಡಿದವರಿಗೆ ಬೆನ್ನು ತಟ್ಟಬೇಕು ಎಂದೂ ಎನ್ನುತ್ತೇವೆ. ಈ ಎರಡು ಮಾತುಗಳ ನಡುವೆ ಇರುವ ಕೆಲಸವನ್ನು ನಾವು ಮರೆತಿದ್ದೇವೆ ಎಂಬುದು ನನ್ನ ವಾದ. ಕಲಿಯುವವರಿಗೆ ಬೆನ್ನು ತಟ್ಟುವ ಗೆಳೆಯರು ಬೇಕಾದಷ್ಟು ಸಿಗುತ್ತಾರೆ, ಈಗಂತೂ ಬೆರಳ ತುದಿಯಲ್ಲೇ ಸಿಗುತ್ತಾರೆ. ಬೆನ್ನು ನೋಡುವ ಗೆಳೆಯರು ಬೇಕು. ಅಂಥವರು ಸಿಗಬೇಕಾದರೆ ಕೆಲಸವನ್ನು ಮುಗಿದ ಮೇಲೆ ತೋರಿಸಿದರೆ ಸಾಲದು. ಹಸಿಯಾಗಿರುವಾಗಲೇ, ಅವರ ಎದುರಿಗೆ, ಅವರ ಕೈಗೆ ಸಿಗುವಂತೆ ಇಡಬೇಕು.

ಚಿತ್ರಕ್ಕೆ ಬೆನ್ನಿಲ್ಲ. ಕಾಗದ ತಿರುವಿದರೆ ಬಿಳಿ ಹಾಳೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಮಣ್ಣಿನ ಕೆಲಸ ಹಾಗಲ್ಲ. ತಲೆಯ ಹಿಂಭಾಗ ಸರಿಯಿಲ್ಲದಿದ್ದರೆ ಕತ್ತು ಮುಂದಕ್ಕೆ ವಾಲುತ್ತದೆ, ಕಿವಿ ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ. ಒಂದು ಕಡೆ ದಪ್ಪ ಒಂದು ಕಡೆ ತೆಳುವಾದರೆ ತೆಳುವಾದದ್ದು ಮೊದಲು ಒಣಗಿ ಕುಗ್ಗುತ್ತದೆ, ದಪ್ಪನೆಯದು ಇನ್ನೂ ಒದ್ದೆಯಾಗಿಯೇ ಇರುತ್ತದೆ, ಎರಡರ ನಡುವೆ ಬಿರುಕು ಬಿಡುತ್ತದೆ. ಒಣ ಮಣ್ಣಿಗೆ ಹಸಿ ಮಣ್ಣು ಅಂಟುವುದಿಲ್ಲ. ಎರಡೂ ಹದವಾಗಿರುವಾಗ ಮೈಯನ್ನು ಗೀರಿ, ಕೆಸರಿನಂತೆ ಕಲಸಿದ ಮಣ್ಣನ್ನು ಸವರಿ ಒತ್ತಿದರೆ ಮಾತ್ರ ಕೂಡುತ್ತದೆ. ಅಂದರೆ ತುರುಬಿಲ್ಲ ಎಂಬ ಮಾತನ್ನು ಗೆಳತಿ ಒಂದು ವಾರ ತಡವಾಗಿ ಹೇಳಿದ್ದರೆ ಅದು ಬರೀ ಅಭಿಪ್ರಾಯವಾಗಿ ಉಳಿಯುತ್ತಿತ್ತು. ಆ ಭಾನುವಾರ ಹೇಳಿದ್ದರಿಂದ ಅದು ಕೆಲಸವಾಯಿತು.

ನಮ್ಮ ಹುಡುಗಿ ಅಂದೇ ಸಂಜೆ ಅಜ್ಜಿಗೆ ವಿಡಿಯೊ ಕರೆ ಮಾಡಿದಳು. ಆ ಕಡೆ ತಿರುಗು, ತುರುಬು ನೋಡಬೇಕು ಎಂದಳು. "ಅಲ್ಲವಾ ತಂಗಿ, ಮಾರಿ ಬಿಟ್ಟು ಬೆನ್ನ ಯಾಕ ಬೇಕಾತು ನಿನಗ?" ಎಂದು ಅವ್ವ ತಿರುಗಿ ಕೂತಳು. ಐವತ್ತು ವರ್ಷ ಆ ತಲೆಯನ್ನು ನೋಡಿದ್ದೇನೆ. ಗಂಟು ನಡುವಿಗೆ ಇರುವುದಿಲ್ಲ, ಎಡಕ್ಕೆ ಸರಿದಿರುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು. ಬಲ ತೋಳು ನೋಯಲು ಶುರುವಾದ ಮೇಲೆ ಎಡಗೈಯಲ್ಲೇ ಸುತ್ತುತ್ತಾಳಂತೆ. ಆ ನೋವಿನ ಸುದ್ದಿಯೂ ನಮಗೆ ತಲುಪಿದ್ದು ತುರುಬಿನ ದೆಸೆಯಿಂದ.

ಗುರು ಇರುವಾಗ ಗೆಳೆಯರೇಕೆ ಎಂದು ಕೇಳಬಹುದು. ಗುರು ಬೇಕೇ ಬೇಕು. ಮಣ್ಣನ್ನು ನಾದಿ ಗಾಳಿಗುಳ್ಳೆ ತೆಗೆಯುವುದು, ಒಳಗೆ ತಂತಿಯ ಆಸರೆ ಕಟ್ಟುವುದು, ಸುಡುವ ಮೊದಲು ತಲೆಯನ್ನು ಎರಡು ಹೋಳು ಮಾಡಿ ಒಳಗಿನ ಮಣ್ಣು ತೋಡಿ ಬೆರಳು ದಪ್ಪಕ್ಕೆ ತರುವುದು, ಇವನ್ನು ಬಲ್ಲವರೇ ಕಲಿಸಬೇಕು. ತೋಡದೆ ಆವಿಗೆಗೆ ಇಟ್ಟರೆ ಒಳಗೆ ಉಳಿದ ನೀರು ಆವಿಯಾಗಿ ತಲೆಯೇ ಸಿಡಿಯುತ್ತದೆ. ಆದರೆ ಗುರುವಿಗೆ ತಪ್ಪು ಕಂಡರೆ ಹೆಬ್ಬೆರಳು ಸುಮ್ಮನಿರುವುದಿಲ್ಲ. ಒಂದು ಸಲ ಒತ್ತಿ ಸರಿಮಾಡಿಬಿಡುತ್ತಾರೆ. ಸರಿಯಾದದ್ದು ಅವರ ಕೈಯಿಂದ. ಗೆಳತಿಗೆ ಸರಿಮಾಡಲು ಬರುವುದಿಲ್ಲ. ಕೇಳಲು ಬರುತ್ತದೆ. ಅವಳು ತಲೆಬುರುಡೆಯ ಅಳತೆಯ ಬಗ್ಗೆ ಕೇಳಲಿಲ್ಲ, ಅಜ್ಜಿಯ ಬಗ್ಗೆ ಕೇಳಿದಳು. ಉತ್ತರ ಹುಡುಕುವ ಕೆಲಸ ಮಾಡಿದವಳಿಗೇ ಉಳಿಯಿತು. ಗೆಳೆತನದ ಈ ಅಜ್ಞಾನಕ್ಕೆ ಕಲಿಕೆಯಲ್ಲಿ ದೊಡ್ಡ ಬೆಲೆ ಇದೆ ಎಂದು ನಾನು ನಂಬುತ್ತೇನೆ.

ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರ್ಕಾರಿ ಚಿತ್ರಕಲಾ ಪರೀಕ್ಷೆಗಳು ಬಹುಕಾಲದಿಂದ ನಡೆದು ಬಂದಿವೆ. ಪಾಸಾದವರಿಗೆ ಹತ್ತನೆಯ ತರಗತಿಯಲ್ಲಿ ಒಂದಿಷ್ಟು ಹೆಚ್ಚಿನ ಅಂಕವೂ ಸಿಗುತ್ತದೆ. ಅಲ್ಲಿ ಪರೀಕ್ಷೆ ಕಾಗದದ ಮೇಲೆ, ಮಣ್ಣಿಗೆ ಜಾಗವಿಲ್ಲ. ಇದು ಅನ್ಯಾಯ ಎಂದು ಕೊರಗುವ ಕಲಾ ಶಿಕ್ಷಕರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಅಂಕ ಕೊಡುವವರು ಸಾವಿರ ಗೊಂಬೆಗಳ ಹಿಂದಕ್ಕೆ ಹೋಗಿ ನೋಡುವಷ್ಟು ಹೊತ್ತು ಎಲ್ಲಿಂದ ತಂದಾರು? ಮಣ್ಣು ಪರೀಕ್ಷೆಯ ಹೊರಗೆ ಉಳಿದಿರುವುದರಿಂದಲೇ ಅದು ಇನ್ನೂ ಗೆಳೆಯರ ನಡುವೆ ಉಳಿದಿದೆ.

ಗಣೇಶ ಚತುರ್ಥಿಗೆ ಮುಂಚೆ ಪುಣೆಯ ಬಡಾವಣೆಗಳಲ್ಲಿ ಶಾಡು ಮಣ್ಣಿನ ಗಣಪತಿ ಮಾಡುವ ಶಿಬಿರಗಳು ನಡೆಯುತ್ತವೆ. ಶಾಡು ಎಂದರೆ ಬೂದು ಬಿಳುಪಿನ ನುಣುಪು ಮಣ್ಣು, ಹೆಚ್ಚಾಗಿ ಗುಜರಾತಿನಿಂದ ಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ನೀರಿನಲ್ಲಿ ಬೇಗ ಕರಗುವುದಿಲ್ಲ, ಶಾಡು ಕರಗುತ್ತದೆ. ಮುಳಾ, ಮುಠಾ ನದಿಗಳ ಸ್ಥಿತಿ ನೋಡಿದವರು ಈ ಶಿಬಿರಗಳನ್ನು ಮೆಚ್ಚಲೇಬೇಕು. ಆದರೆ ಹಲವು ಕಡೆ ಮಕ್ಕಳ ಕೈಗೆ ಮೊದಲು ಬರುವುದು ಅಚ್ಚು. ಮಣ್ಣು ತುಂಬಿ ಒತ್ತಿ ಬಿಡಿಸಿದರೆ ಅರ್ಧ ಗಂಟೆಯಲ್ಲಿ ಗಣಪತಿ. ರಾಯಗಡ ಜಿಲ್ಲೆಯ ಪೆಣ್ ಊರಿನ ಮೂರ್ತಿಕಾರರಿಗೆ ಅಚ್ಚು ಬೇಕು, ಅದು ಅವರ ಅನ್ನ. ಅವರ ಕೈ ಮೊದಲು ಮಣ್ಣನ್ನು ಅರಿತು ಆಮೇಲೆ ಅಚ್ಚಿಗೆ ಹೋಗಿದೆ. ಎಂಟು ವರ್ಷದ ಮಗುವಿಗೆ ಮೊದಲ ದಿನವೇ ಅಚ್ಚು ಕೊಟ್ಟರೆ ಪಕ್ಕದ ಹುಡುಗನದೂ ಅದೇ ಗಣಪತಿ, ಎದುರಿನ ಹುಡುಗಿಯದೂ ಅದೇ. ಒಬ್ಬರದನ್ನು ಒಬ್ಬರು ನೋಡಬೇಕಾದ ಕಾರಣವೇ ಇಲ್ಲ. ಸೊಂಡಿಲು ಡೊಂಕಾದ, ಹೊಟ್ಟೆ ಒಂದು ಕಡೆ ಜಾರಿದ ಗಣಪತಿಗಳು ಆ ಮೇಜಿನ ಮೇಲೆ ಇದ್ದಿದ್ದರೆ ಆ ಮಕ್ಕಳು ಮೇಜಿನ ಸುತ್ತ ಓಡಾಡುತ್ತಿದ್ದರು.

ಬಾಗಲಕೋಟೆ ಕಡೆ ಬೆಳೆದ ನಮಗೆ ಅಚ್ಚಿಲ್ಲದ ಮಣ್ಣು ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಅವ್ವ ಹಳ್ಳದ ದಂಡೆಯಿಂದ ಜಿಗುಟು ಮಣ್ಣು ತಂದು ಪರಾತದಲ್ಲಿ ಹಿಟ್ಟಿನಂತೆ ನಾದುತ್ತಿದ್ದಳು. ಕುಂಬಾರರ ಮನೆಯಿಂದ ಜೋಡೆತ್ತು ಬರುತ್ತಿದ್ದವು, ಅವು ಜಗಲಿಯ ಮೇಲಿನ ಪೂಜೆಗೆ. ನಾವು ಮಕ್ಕಳು ಮಾಡಿದ ಎತ್ತುಗಳು ಬೇರೆ. ಒಂದರ ಕೊಂಬು ಕೋಣದಂತೆ, ಒಂದಕ್ಕೆ ಡುಬ್ಬ ಇಲ್ಲ, ಕಣ್ಣಿಗೆ ಜೋಳದ ಕಾಳು. ಅಮಾವಾಸ್ಯೆಯ ಮರುದಿನ ಒಂದು ಎತ್ತಿನ ಕಾಲು ಮುರಿದು ಕುಂಟೆತ್ತು ಮಾಡಿ, ತಟ್ಟೆಯಲ್ಲಿ ಇಟ್ಟುಕೊಂಡು, ಹಾಡು ಹೇಳುತ್ತ ಓಣಿಯ ಮನೆಮನೆಗೆ ಹೋಗುತ್ತಿದ್ದೆವು. ಜೋಳವೋ ಕಾಸೋ ಬೀಳುತ್ತಿತ್ತು, ಅದರಿಂದ ಚುರುಮುರಿ ಕೊಂಡು ಎಲ್ಲರೂ ಕೂಡಿ ತಿನ್ನುತ್ತಿದ್ದೆವು.

ಇದನ್ನು ನಾನು ಎಷ್ಟೋ ವರ್ಷ ಬರೀ ಹಬ್ಬದ ನೆನಪೆಂದು ಇಟ್ಟುಕೊಂಡಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಆಳವಾದ ತಿಳಿವಳಿಕೆ ಕಾಣುತ್ತದೆ. ಜಗಲಿ ಏರಿದ್ದು ಕುಂಬಾರನ ಅಂದದ ಎತ್ತು. ಊರು ಸುತ್ತಿದ್ದು ಕುಂಟೆತ್ತು. ಕಾಲಿಲ್ಲದ ಎತ್ತನ್ನು ಹೊತ್ತವರಿಗೆ ನಾಚಿಕೆ ಇರಲಿಲ್ಲ, ಏಕೆಂದರೆ ಕುಂಟು ಎಂದು ಮೊದಲೇ ಹೇಳಿಕೊಂಡೇ ಬಾಗಿಲಿಗೆ ಹೋಗಿದ್ದೆವು. ಮನೆಯವರು ಎತ್ತನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿ, ಬಾಲ ಎಲ್ಲಿ, ಡುಬ್ಬ ಎಲ್ಲಿ ಎಂದು ಕೇಳಿಯೇ ಕಾಳು ಹಾಕುತ್ತಿದ್ದರು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಾಡುವ ಗುಳ್ಳವ್ವ ಎಂಬ ಮಣ್ಣಿನ ಗೊಂಬೆಯೂ ಹೀಗೆಯೇ. ಮೆತ್ತನೆಯ ಮಣ್ಣಿಗೆ ಗುಲಗಂಜಿ ಒತ್ತುವ ಕೆಲಸ ಒಬ್ಬಳದಲ್ಲ. ಒಬ್ಬಳು ಮುಖ ತಿದ್ದುವಾಗ ಇನ್ನೊಬ್ಬಳು ಹಿಂದೆ ಕೂತು ಜಡೆ ಹಾಕುತ್ತಿದ್ದಳು. ಕೊನೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಎಲ್ಲರೂ ಕೂಡಿ ಊಟ. ಇಲ್ಲಿ ತೋರಿಸುವುದು, ಹಂಚುವುದು, ಮಾಡುವುದು ಎಂಬ ಮೂರು ಬೇರೆ ಬೇರೆ ಕೆಲಸಗಳೇ ಇರಲಿಲ್ಲ.

ಈ ಮಣ್ಣಿನ ಎತ್ತಿನ ಹೆಜ್ಜೆ ಎಷ್ಟು ಹಳೆಯದು ಎಂಬುದಕ್ಕೆ ಪುಣೆ ಜಿಲ್ಲೆಯಲ್ಲೇ ಒಂದು ಸಾಕ್ಷಿ ಇದೆ. ಶಿರೂರು ತಾಲ್ಲೂಕಿನಲ್ಲಿ, ಘೋಡ್ ನದಿಯ ದಂಡೆಯ ಇನಾಮಗಾಂವದಲ್ಲಿ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಉತ್ಖನನ ನಡೆಸಿದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ರೈತರ ಮನೆಗಳು ಅಲ್ಲಿ ಸಿಕ್ಕವು. ಅಂಥ ಒಂದು ಮನೆಯಲ್ಲಿ ಸುಡದ ಮಣ್ಣಿನ ಮುಚ್ಚಳದ ಪೆಟ್ಟಿಗೆ, ಅದರೊಂದಿಗೆ ತಲೆಯಿಲ್ಲದ ಹೆಣ್ಣಿನ ಗೊಂಬೆ, ಒಂದು ಎತ್ತು. ಗೊಂಬೆಯ ಹೊಟ್ಟೆಯಲ್ಲಿ ಒಂದು ತೂತು, ಎತ್ತಿನ ಬೆನ್ನಿನಲ್ಲಿ ಒಂದು ತೂತು. ಕಡ್ಡಿ ಚುಚ್ಚಿದರೆ ಗೊಂಬೆ ಎತ್ತಿನ ಮೇಲೆ ಕೂರುತ್ತಿತ್ತು. ಮಾಡಿದವರು ಮುಖವನ್ನು ಬಿಟ್ಟರು, ಬೆನ್ನಿನ ತೂತನ್ನು ಬಿಡಲಿಲ್ಲ. ಅದನ್ನು ಎದುರಿಗೆ ಇಟ್ಟು ನೋಡಲಿಕ್ಕಷ್ಟೇ ಮಾಡಿದ್ದಲ್ಲ, ಕೈಯಲ್ಲಿ ಹಿಡಿದು ಜೋಡಿಸಲಿಕ್ಕೂ ಮಾಡಿದ್ದು.

ಬೆನ್ನಿಲ್ಲದೆಯೂ ದೊಡ್ಡ ಶಿಲ್ಪ ಆಗಬಹುದಲ್ಲ ಎಂದು ತಿಳಿದವರು ವಾದಿಸಿಯಾರು. ಫ್ರೆಂಚ್ ಶಿಲ್ಪಿ ರೋದಾನ ಉದಾಹರಣೆಯನ್ನೂ ಕೊಟ್ಟಾರು. ಪ್ಯಾರಿಸ್ಸಿನಲ್ಲಿ ಬಡತನದಲ್ಲಿದ್ದ ಯುವಕ ರೋದಾ 1860ರ ದಶಕದ ಆರಂಭದಲ್ಲಿ ಮೂಗು ಮುರಿದ ಒಬ್ಬ ಮುದುಕನ ತಲೆಯನ್ನು ಮಣ್ಣಿನಲ್ಲಿ ಮಾಡಿದ. ಕೋಣೆಗೆ ಬೆಂಕಿ ಹಾಕಲು ದುಡ್ಡಿರಲಿಲ್ಲ. ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ತಲೆಯ ಹಿಂಭಾಗ ಒಡೆದು ಬಿತ್ತು. ಉಳಿದ ಮುಖವನ್ನೇ ಸಲೋನ್ ಪ್ರದರ್ಶನಕ್ಕೆ ಕಳಿಸಿದ, ಅವರು ತಿರಸ್ಕರಿಸಿದರು. ಇಂದು ಜಗತ್ತು ಆ ಮುಖವನ್ನೇ ಮೆಚ್ಚುತ್ತದೆ. ನಾನೂ ಮೆಚ್ಚುತ್ತೇನೆ. ಆದರೆ ರೋದಾ ಹಿಂಭಾಗವನ್ನು ಮಾಡಿದ್ದ, ಆಮೇಲೆ ಕಳೆದುಕೊಂಡ. ಆ ಮುಖದ ಕೆನ್ನೆ, ಹಣೆ, ಕಿವಿಯ ಬುಡ ಎಲ್ಲ ಹಿಂದೊಂದು ತಲೆ ಇದ್ದುದನ್ನು ಬಲ್ಲವು. ಮಾಡಿ ಕಳೆದುಕೊಳ್ಳುವುದೂ ಮಾಡದೇ ಬಿಡುವುದೂ ಒಂದೇ ಅಲ್ಲ.

ಕಲಿಯುವಾಗಲೇ ಕೆಲಸವನ್ನು ಎದುರಿಗೆ ಇಟ್ಟವರ ಉದಾಹರಣೆ ಹತ್ತಿರದಲ್ಲೇ ಇದೆ. ಪುಣೆಯ ಶಿವಾಜಿನಗರದ ಶಿವಾಜಿ ಸೈನಿಕ ಶಾಲೆಯ ಆವರಣದಲ್ಲಿ ಕುದುರೆಯ ಮೇಲಿನ ಶಿವಾಜಿಯ ಕಂಚಿನ ಪ್ರತಿಮೆ ಇದೆ, 1928ರದು. ಮಾಡಿದವರು ವಿನಾಯಕರಾವ್ ಕರಮರಕರ. ಅಲಿಬಾಗ್ ಹತ್ತಿರದ ಸಾಸವಣೆ ಎಂಬ ಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದವರು, ಮನೆಯಲ್ಲಿ ಗಣಪತಿ ಮಾಡುತ್ತಿದ್ದರು. ಹುಡುಗನಾಗಿದ್ದಾಗ ಊರ ಗುಡಿಯ ಗೋಡೆಯ ಮೇಲೆ ಶಿವಾಜಿಯ ಚಿತ್ರ ಬರೆದಿದ್ದರು. ಅದು ಜಿಲ್ಲಾ ಕಲೆಕ್ಟರ್ ಆಟೊ ರಾತ್‌ಫೆಲ್ಡ್ ಕಣ್ಣಿಗೆ ಬಿದ್ದು, ಅವರ ನೆರವಿನಿಂದ ಹುಡುಗ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದ. ಈ ಕತೆಯನ್ನು ಹೇಳುವವರೆಲ್ಲ ಕಲೆಕ್ಟರನ ದೊಡ್ಡತನವನ್ನು ಹೇಳುತ್ತಾರೆ. ನನ್ನ ಗಮನ ಗೋಡೆಯ ಮೇಲೆ. ಕಲೆಕ್ಟರ್ ಬರುವ ಮೊದಲು ಗುಡಿಗೆ ಬಂದವರೆಲ್ಲ ಆ ಚಿತ್ರದ ಎದುರು ನಿಂತಿರಬೇಕು, ಮಾತಾಡಿರಬೇಕು. ಹುಡುಗ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರಲಿಲ್ಲ. ಪುಣೆಯಲ್ಲೇ ಹುಟ್ಟಿದ ಗಣಪತರಾವ್ ಮ್ಹಾತ್ರೆ 1896ರಲ್ಲಿ, ಇನ್ನೂ ಜೆ.ಜೆ. ವಿದ್ಯಾರ್ಥಿಯಾಗಿದ್ದಾಗಲೇ, ಗುಡಿಗೆ ಹೊರಟ ಹೆಣ್ಣಿನ ಪ್ರತಿಮೆಯನ್ನು ಪ್ಲಾಸ್ಟರಿನಲ್ಲಿ ಮಾಡಿ ಹೆಸರಾದರು. ಕಲಿಯುವವರ ಕೆಲಸ, ಇನ್ನೂ ಹೊರಗೆ ಇಡುವಂಥದ್ದಲ್ಲ ಎಂದು ಯಾರಾದರೂ ತಡೆದಿದ್ದರೆ ಏನಾಗುತ್ತಿತ್ತು?

ನನ್ನ ವಾದಕ್ಕೆ ನಿಜವಾದ ಆಕ್ಷೇಪ ಬೇರೆಯೇ ಇದೆ, ಅದನ್ನು ನಾನು ಹಗುರವಾಗಿ ನೋಡಲಾರೆ. ಹಸಿ ಗೋಡೆಗೆ ಎಸೆದ ಹರಳು ಅಲ್ಲೇ ನೆಟ್ಟುಕೊಳ್ಳುತ್ತದೆ. ಹೊಸಬರಿಗೆ ಹೇಳಿದ ಒಂದು ಒರಟು ಮಾತು ಜನ್ಮವಿಡೀ ಉಳಿಯಬಹುದು. ನನಗೆ ಹತ್ತು ವರ್ಷವಿದ್ದಾಗ ತರಗತಿಯಲ್ಲಿ ಮಾಡಿದ ಒಂದು ಹಕ್ಕಿಯನ್ನು ಎತ್ತಿ ಹಿಡಿದು, ಇದು ಬದನೆಕಾಯಿಯೇ ಎಂದು ಎಲ್ಲರ ಎದುರು ಕೇಳಿದವರಿದ್ದರು. ಆಮೇಲೆ ನಾನು ಮಣ್ಣು ಮುಟ್ಟಲಿಲ್ಲ, ಇವತ್ತಿಗೂ. ಹಾಗಾಗಿ ಬರೀ ಮೆಚ್ಚುಗೆಯೇ ಕ್ಷೇಮ ಎನ್ನುವ ತಾಯಂದಿರ ಮನಸ್ಸು ನನಗೆ ಅರ್ಥವಾಗುತ್ತದೆ.

ಆದರೂ ಒಪ್ಪಲಾರೆ. ಆ ದಿನ ಹಕ್ಕಿಯನ್ನು ಎತ್ತಿ ಹಿಡಿದವರು ಅದನ್ನು ನೋಡಿರಲಿಲ್ಲ, ಸುತ್ತಲಿನವರನ್ನು ನೋಡುತ್ತಿದ್ದರು. ಹೃದಯದ ಗುರುತು ಒತ್ತಿ ಮುಂದಿನ ಫೋಟೊಗೆ ಹೋದವರೂ ನೋಡಿರುವುದಿಲ್ಲ. ಒಂದು ನೋಯಿಸುತ್ತದೆ, ಇನ್ನೊಂದು ಹಿತವಾಗಿರುತ್ತದೆ. ಎರಡರಲ್ಲೂ ಹಕ್ಕಿಯನ್ನು ಯಾರೂ ಕೈಗೆ ತೆಗೆದುಕೊಂಡಿಲ್ಲ. ಮೊಬೈಲನ್ನು ನಾನು ದೂರುತ್ತಿಲ್ಲ. ದೂರದ ಊರಲ್ಲಿರುವ ಗೆಳತಿಗೆ ಬೇರೆ ದಾರಿಯಿಲ್ಲ, ಅಜ್ಜಿಯ ತುರುಬು ಕಂಡದ್ದೂ ಅದರಲ್ಲೇ. ಆದರೆ ಫೋಟೊಗಾಗಿ ಮಾಡುವ ಅಭ್ಯಾಸ ಬಿದ್ದರೆ ಕೈ ತಾನಾಗಿಯೇ ಮುಂಭಾಗದಲ್ಲಿ ನಿಂತುಬಿಡುತ್ತದೆ. ನಮ್ಮ ಹುಡುಗಿಗೆ ಆದದ್ದು ಅದೇ. ಅವಳು ಸೋಮಾರಿಯಲ್ಲ, ಹಿಂದಕ್ಕೆ ಯಾರೂ ಬರುವುದಿಲ್ಲ ಎಂಬುದು ಅವಳ ಬೆರಳಿಗೆ ಗೊತ್ತಾಗಿತ್ತು.

ಪುಣೆಯ ಮಕ್ಕಳಿಗೆ ಈ ಅಭ್ಯಾಸ ಬೀಳದಂತೆ ಕಾಯುವ ಒಂದು ಸಂಪ್ರದಾಯ ಈ ಊರಿನಲ್ಲಿದೆ. ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ, ಕಿಲ್ಲಾ ಎನ್ನುತ್ತಾರೆ. ಇಟ್ಟಿಗೆ ಚೂರು, ಕಲ್ಲು ಪೇರಿಸಿ, ಗೋಣಿತಟ್ಟನ್ನು ಕೆಸರಿನಲ್ಲಿ ಅದ್ದಿ ಹೊದಿಸಿ, ಅದರ ಮೇಲೆ ಮಣ್ಣು ಮೆತ್ತಿ ಬೆಟ್ಟ ಮಾಡುತ್ತಾರೆ. ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕೈದು ದಿನದಲ್ಲಿ ಕಾಡು ಮೊಳೆಯುತ್ತದೆ. ಕಸಬಾ ಪೇಟೆಯ ಕುಂಬಾರವಾಡೆಯಿಂದ ಮಾವಳೆ ಸೈನಿಕರು, ಸಿಂಹಾಸನದ ಮೇಲಿನ ಶಿವಾಜಿ, ಮಣ್ಣಿನ ಗೊಂಬೆಗಳಾಗಿ ಬರುತ್ತಾರೆ. ಗೊಂಬೆಗಳು ಅಚ್ಚಿನವು, ಕೋಟೆ ಮಾತ್ರ ಕೈಯದು. ಯಾವ ಹುಡುಗನೂ ಇದು ನನ್ನದು ಎನ್ನುವುದಿಲ್ಲ, ನಮ್ಮ ಕಿಲ್ಲಾ ಎನ್ನುತ್ತಾನೆ. ಒಂದು ಓಣಿಯವರು ಇನ್ನೊಂದು ಓಣಿಯ ಕೋಟೆ ನೋಡಲು ಹೋಗಿ ಸುತ್ತ ತಿರುಗಿ, ಇಲ್ಲಿಂದ ಶತ್ರು ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಇಂಥ ವಿಮರ್ಶೆಗಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಗ್ಯಾಲರಿಯಲ್ಲೂ ಕೇಳಿಲ್ಲ.

ಅಜ್ಜಿಯ ತಲೆಗೆ ತುರುಬು ಬಂತು, ಎಡಕ್ಕೆ ವಾಲಿದ್ದು. ಅದನ್ನು ಸುಡಿಸುವುದೋ ಬೇಡವೋ ಎಂದು ಮನೆಯಲ್ಲಿ ಚರ್ಚೆಯಾಯಿತು. ನಾನು ಸುಡಿಸೋಣ ಎಂದೆ. ಹುಡುಗಿ ಒಪ್ಪಲಿಲ್ಲ, ಎರಡನೆಯದು ಮಾಡುತ್ತೇನೆ, ಚಿಗವ್ವ, ಮಣ್ಣು ಬೇಕು ಎಂದಳು. ಸುಡದ ಮಣ್ಣು ಒಣಗಿದರೂ ಮತ್ತೆ ನೀರಿನಲ್ಲಿ ನೆನೆದು ಮಣ್ಣಾಗುತ್ತದೆ. ಒಂದು ರಾತ್ರಿ ಬಕೆಟ್ಟಿನಲ್ಲಿ ಅವ್ವನ ಮುಖ ಕರಗುವುದನ್ನು ನೋಡಲು ನನಗೆ ಆಗಲಿಲ್ಲ, ಒಳಗೆ ಬಂದೆ. ದೀಪಾವಳಿ ಹತ್ತಿರ ಬಂದಾಗ ಕೆಳಗಿನ ಮಕ್ಕಳು ಮಣ್ಣು ಸಾಲದೆ ಮನೆಮನೆಗೆ ಕೇಳಿಕೊಂಡು ಬಂದರು. ಅವಳು ಅರ್ಧ ಬಕೆಟ್ ಕೊಟ್ಟಳು.

ಹಬ್ಬಕ್ಕೆ ಅವ್ವ ಬಾಗಲಕೋಟೆಯಿಂದ ಬಂದಳು. ಮಕ್ಕಳು ಅವಳನ್ನು ಕಿಲ್ಲಾ ನೋಡಲು ಕರೆದುಕೊಂಡು ಹೋದರು. ಮುಂದಿನ ಮಹಾದ್ವಾರ, ಬುರುಜು, ತೋಪು, ಎಲ್ಲ ತೋರಿಸಿದರು. ಅವ್ವ ಸೀರೆ ಎತ್ತಿ ಹಿಡಿದು ಗೋಡೆಯ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋಗಿ ನಿಂತಳು. "ಹಿಂದಿನ ಬಾಗಲಾ ಎಲ್ಲಿ ಐತಿ?" ಎಂದಳು. ಮೊಮ್ಮಗಳು ಮರಾಠಿಗೆ ತಿರುಗಿಸಿ ಹೇಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸಂಜೆ ಹಣತೆ ಹಚ್ಚಲು ಕೆಳಗೆ ಇಳಿದಾಗ ಇಬ್ಬರು ಹುಡುಗರು ಹೊಟ್ಟೆಯ ಮೇಲೆ ಮಲಗಿ, ಚಮಚದಿಂದ ಕೋಟೆಯ ಹಿಂಭಾಗದಲ್ಲಿ ಚೋರ ದರವಾಜಾ ಕೊರೆಯುತ್ತಿದ್ದರು.